ಮನೆಯ ಹಿರಿಯರ ಮರವು

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಿಕ್ಕಿಲ್ಲ. ಮನೆಯ ಅಜ್ಜನು ಹೆಗಲ ಮೇಲಿನ ವಸ್ತ್ರವನ್ನೇ ಮನೆಯೆಲ್ಲ ಹುಡುಕಿದಾಗ, ಅಜ್ಜಿಯು ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆದಾಗ, ನಾವು ನಗುತ್ತ ಈ ಮಾತನ್ನಾಡಿ ಸುಮ್ಮನಾಗುವೆವು. ಅವರೂ ನಮ್ಮೊಡನೆ ನಗುವರು. ವರಕವಿ ಬೇಂದ್ರೆಯವರಂತೂ ತಮ್ಮ ಅರವತ್ತನೆಯ ವರ್ಷದ ಸುಮಾರಿಗೆ, 1956 ರಲ್ಲಿ ಹೊರಬಂದ ಕವನಸಂಗ್ರಹಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಅದಕ್ಕೆ 1958 ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಅರವತ್ತು ತುಂಬಿದ ಮಾತ್ರಕ್ಕೆ ಬುದ್ಧಿಯು ಕುಂದಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಆದರೆ ವಿನೋದಕ್ಕಾಗಿ ಆಡುವ ಈ ಮಾತು ಎರಡು ಬಗೆಯ ಕೇಡನ್ನು ಮಾಡಬಲ್ಲುದು. ನಿಜವಾದ ರೋಗವೊಂದು ಮನೆಯನ್ನು ಹೊಕ್ಕಿದ್ದರೂ ಅದು ವಯೋಧರ್ಮವೆಂದು ಬಗೆದು ನಾವು ವೈದ್ಯರ ಬಳಿಗೆ ಹೋಗದಂತೆ ಮಾಡುವದು ಮೊದಲನೆಯದು. ಇನ್ನೂ ಹತ್ತು ವಿಷಯಗಳಲ್ಲಿ ಬುದ್ಧಿಯು ನೆಟ್ಟಗಿರುವ ಹಿರಿಯರನ್ನು, ಒಂದೆರಡು ವಿಷಯ ಮರೆತರೆಂಬ ಮಾತ್ರಕ್ಕೆ, ಮನೆಯ ಆಲೋಚನೆಯಿಂದ ಹೊರಗಿಡುವಂತೆ ಮಾಡುವದು ಎರಡನೆಯದು. ಮೊದಲನೆಯದರಿಂದ ರೋಗಕ್ಕೆ ಎಡೆ ಸಿಗುವದು. ಎರಡನೆಯದರಿಂದ ರೋಗಿಯು ರೋಗ ಬಲಿಯುವದಕ್ಕೆ ಮುಂಚೆಯೇ ಮನೆಯಲ್ಲಿ ಇಲ್ಲದಂತಾಗುವನು. ಈ ತಿಂಗಳು ನಮ್ಮ ವಾಚಕರೊಡನೆ ಈ ಮರೆವಿನ ರೋಗದ, ಅದರಲ್ಲಿಯೂ ಅದರ ಮೊದಲನೆಯ ಅವಸ್ಥೆಯ ವಿಚಾರವನ್ನು ಆಡಬೇಕೆಂದಿರುವೆವು. ವೈದ್ಯರು ಇದನ್ನು ಡಿಮೆನ್ಶಿಯಾ ಎಂದು ಕರೆಯುವರು.

ಇದು ಪಟ್ಟಣದವರ ರೋಗ, ನಮ್ಮ ಹಳ್ಳಿಗಳಲ್ಲಿ ಇಲ್ಲ, ಎಂದು ಹಲವರು ನಂಬಿರುವರು. ನಂಬಿಕೆ ಸರಿಯಲ್ಲ. ಭಾರತದ ಹಿರಿಯರನ್ನು ಕುರಿತು ನಡೆದ ಒಂದು ದೊಡ್ಡ ಸಮೀಕ್ಷೆಯ ಫಲವು 2023 ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರವತ್ತು ದಾಟಿದ ನೂರು ಜನರಲ್ಲಿ ಏಳು ಜನರಿಗಿಂತ ಹೆಚ್ಚು, ಅಂದರೆ ಶೇಕಡಾ 7.4 ರಷ್ಟು, ಈ ರೋಗವುಳ್ಳವರು. ದೇಶದಲ್ಲೆಲ್ಲ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿಯೂ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಅದು ಅಧಿಕವಾಗಿರುವದು. ಹಳ್ಳಿಗಳಲ್ಲಿ ರೋಗವಿಲ್ಲವೆಂದು ತೋರುವದಕ್ಕೆ ಕಾರಣವು ಬೇರೆ. ಅಲ್ಲಿ ಅದಕ್ಕೆ ರೋಗವೆಂಬ ಹೆಸರಿಲ್ಲ, ಅಷ್ಟೇ.

ಆದಕಾರಣ ನಾವು ಕಲಬುರ್ಗಿ ಜಿಲ್ಲೆಯ ತೆಂಗಳಿಯಂಥ ಊರನ್ನೇ ಕಣ್ಣ ಮುಂದೆ ಇಟ್ಟುಕೊಂಡು ಈ ವಿಚಾರವನ್ನು ಮಾಡೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಆ ಸೀಮೆಯು ತೊಗರಿಯ ನಾಡು, ಹಾಸುಗಲ್ಲಿನ ನಾಡು. ಸಿಮೆಂಟಿನ ಕಾರಖಾನೆಗಳೂ ಅಲ್ಲಿ ಉಂಟು. ಆದರೂ ಹರೆಯದವರು ಅನೇಕರು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲಿಕ್ಕೆ ಹೋಗುವರು. ಊರಲ್ಲಿ ಹಿರಿಯರೂ, ಸೊಸೆಯರೂ, ಶಾಲೆಯ ಮಕ್ಕಳೂ ಉಳಿಯುವರು. ಅಂಥ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಮನೆಯ ಯಜಮಾನಿಗೆ ಎಂಬತ್ತು ದಾಟಿದೆ. ಓದುಬರಹ ಬಾರದು, ಆದರೆ ಕಾಳಿನ ಲೆಕ್ಕ, ಕೂಲಿಯ ಲೆಕ್ಕ, ಯಾರ ಮನೆಯ ಮದುವೆಗೆ ಎಷ್ಟು ಮುಯ್ಯಿ ಕೊಡಬೇಕೆಂಬ ಲೆಕ್ಕ ಎಲ್ಲವೂ ಬಾಯಲ್ಲಿಯೇ ಇದ್ದವು. ಕಪಾಟಿನ ಕೀಲಿಕೈ ಆಕೆಯ ಸೊಂಟದಲ್ಲಿ.

ಆಕೆಯ ಮರವು ಹೇಗೆ ಮೊದಲಾಗುವದೆಂಬುದನ್ನು ನೋಡಿರಿ. ರೊಟ್ಟಿಯನ್ನು ಎಂದಿನಂತೆಯೇ ತೆಳ್ಳಗೆ ತಟ್ಟುವಳು. ಕೈಗೆ ಬಂದ ವಿದ್ಯೆಯು ಬೇಗನೆ ಹೋಗುವದಿಲ್ಲ. ಆದರೆ ಎಳ್ಳಮವಾಸ್ಯೆಯ ಚರಗದ ಅಡಿಗೆಗೆ ಕುಳಿತಾಗ ಯಾವದು ಮೊದಲು, ಯಾವದು ಆಮೇಲೆ ಎಂಬುದು ತಪ್ಪುವದು. ಭಜ್ಜಿಯು ಅರ್ಧ ಕುದಿದಿರುವಾಗ ಕಡುಬಿನ ಹಿಟ್ಟಿನ ನೆನಪು ಬಂದು ಅತ್ತ ಹೋಗುವಳು. ತಿರುಗಿ ಬಂದು ಬೇಳೆಗೆ ಎರಡನೆಯ ಸಲ ಉಪ್ಪು ಹಾಕುವಳು. ಕಿರಾಣಿ ಅಂಗಡಿಯವನಿಗೆ ಕೊಟ್ಟ ಹಣವನ್ನೇ ಮತ್ತೆ ಕೊಡುವಳು. ಕೀಲಿಕೈಯನ್ನು ಜೋಳದ ಡಬ್ಬಿಯಲ್ಲಿ ತಾನೇ ಇಟ್ಟು, ಕದ್ದರೆಂದು ಕೂಗುವಳು. 1948 ರ ಗಲಾಟೆಯ ಕಾಲದಲ್ಲಿ ತನ್ನ ತಾಯಿಯು ತನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಊರು ಬಿಟ್ಟು ಓಡಿದ್ದನ್ನು, ಯಾರ ಹೊಲದ ಕಣಕಿಯಲ್ಲಿ ಅಡಗಿದ್ದರೆಂಬುದರ ಸಹಿತ ಹೇಳುವಳು. ಆದರೆ ಮುಂಜಾನೆ ಉಂಡದ್ದು ಸಂಜೆಗೆ ನೆನಪಿಲ್ಲ.

"ಸಣ್ಣಾವ ಫೋನ್ ಮಾಡಿದ್ನೇನವ್ವ?" ಎಂದು ಸೊಸೆಯನ್ನು ಕೇಳುವಳು.

"ಈಗೇ ಮಾತಾಡಿದ್ರಲ್ರಿ ಅತ್ತಿ," ಎಂದು ಸೊಸೆ ಹೇಳುವಳು.

ಒಂದು ಗಳಿಗೆಯ ಮೇಲೆ ಅದೇ ಪ್ರಶ್ನೆ. ಮೂರನೆಯ ಸಲಕ್ಕೆ ಸೊಸೆಯ ತಾಳ್ಮೆ ಮೀರುವದು: "ಎಷ್ಟ್ ಸಲ ಹೇಳ್ಬೇಕ್ರಿ ನಿಮಗ!"

"ನಾ ಯಾವಾಗ ಕೇಳಿನವ್ವ?" ಎಂದು ಅತ್ತೆಯು ಬೆರಗಾಗಿ ನೋಡುವಳು.

ಆ ಬೆರಗು ನಟನೆಯಲ್ಲವೆಂಬುದನ್ನು ಮೊಟ್ಟಮೊದಲು ಮನೆಯವರು ತಿಳಿಯಬೇಕು. ಹಿಂದೆ ನಮ್ಮ ಕಡೆಯ ಮನೆಗಳಲ್ಲಿ ಜೋಳವನ್ನು ನೆಲದೊಳಗಿನ ಹಗೆಯಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಹಗೆಯ ತಳದಲ್ಲಿರುವ ಹಳೆಯ ಕಾಳು ಕೆಡದೆ ಉಳಿದಿರುವಾಗ, ಹೊಸ ಕಾಳನ್ನು ಒಳಗೆ ಇಳಿಸುವ ಆಳೇ ಕೈಕಾಲು ಸೋತು ಕುಳಿತನೆಂದು ಎಣಿಸಿರಿ. ಹೊಸ ಕಾಳು ಹೊರಗೇ ಚೆಲ್ಲಿಹೋಗುವದು. ಮಿದುಳಿನ ಒಳಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು, ಕಡಲಕುದುರೆಯ ಆಕಾರದ ಚಿಕ್ಕ ಅಂಗಗಳಿರುವವು. ವೈದ್ಯರು ಅವಕ್ಕೆ ಹಿಪ್ಪೊಕ್ಯಾಂಪಸ್ ಎನ್ನುವರು. ಇಂದು ಕಂಡದ್ದನ್ನು, ಕೇಳಿದ್ದನ್ನು ನಾಳೆಗೆಂದು ಶೇಖರಿಸುವ ಕೆಲಸವು ಬಹಳ ಮಟ್ಟಿಗೆ ಅವುಗಳದು. ಈ ರೋಗಗಳಲ್ಲಿ ಹೆಚ್ಚು ಕಂಡುಬರುವ ಆಲ್ಜೈಮರ್ ರೋಗವು ಸಾಮಾನ್ಯವಾಗಿ ಅಲ್ಲಿಂದಲೇ ಪ್ರಾರಂಭವಾಗುವದು. ಆದುದರಿಂದ ಸೊಸೆಯ ಉತ್ತರವು ಅತ್ತೆಯ ಕಿವಿಗೆ ಬಿದ್ದಿತು, ಅರ್ಥವೂ ಆಯಿತು, ಆದರೆ ಶೇಖರವಾಗಲಿಲ್ಲ. ಆಕೆಯು ಪ್ರತಿ ಸಲವೂ ಮೊದಲನೆಯ ಸಲವೇ ಕೇಳುತ್ತಿರುವಳು.

ಈ ರೋಗಕ್ಕೆ ಹೆಸರು ಬಂದ ಕಥೆಯೂ ತಿಳಿಯತಕ್ಕದ್ದಾಗಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದ ದವಾಖಾನೆಗೆ 1901 ರಲ್ಲಿ ಆಗಸ್ಟೆ ಡೇಟರ್ ಎಂಬ ಗೃಹಿಣಿಯನ್ನು ಕರೆತಂದರು. ಆಕೆಗೆ ಆಗ 51 ವರ್ಷ. ಅಲೋಯಿಸ್ ಆಲ್ಜೈಮರ್ ಎಂಬ ವೈದ್ಯರು ಆಕೆಯ ಬಳಿಯಲ್ಲಿ ಕುಳಿತು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಬರೆದುಕೊಂಡರು. ಆಕೆಯು 1906 ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಗಂಟುಗಳಂಥ ಹಾಗೂ ಜಿಡ್ಡಿನ ಕಲೆಗಳಂಥ ವಿಕಾರಗಳನ್ನು ಕಂಡು, ಅದೇ ವರ್ಷದ ನವೆಂಬರದಲ್ಲಿ ವೈದ್ಯರ ಸಭೆಯೊಂದರಲ್ಲಿ ವರದಿ ಮಾಡಿದರು. 1910 ರಲ್ಲಿ ಕ್ರೆಪೆಲಿನ್ ಎಂಬ ಪಂಡಿತರು ತಮ್ಮ ಗ್ರಂಥದಲ್ಲಿ ಇದಕ್ಕೆ ಆಲ್ಜೈಮರ್ ರೋಗವೆಂಬ ಹೆಸರಿಟ್ಟರು. ಇದು ಬರಿಯ ಮುಪ್ಪಲ್ಲ, ಮಿದುಳಿನ ರೋಗ, ಎಂಬ ಮಾತು ಐವತ್ತೊಂದರ ಆ ಗೃಹಿಣಿಯಿಂದ ಲೋಕಕ್ಕೆ ತಿಳಿಯಿತು. ಇದಲ್ಲದೆ ರಕ್ತದೊತ್ತಡ, ಸಕ್ಕರೆರೋಗಗಳಿಂದ ಮಿದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವ ಮರೆವೂ ಉಂಟು; ಅದು ನಮ್ಮ ದೇಶದಲ್ಲಿ ಬಹಳ. ಒಬ್ಬರಲ್ಲಿಯೇ ಎರಡೂ ಕೂಡಿರುವದು ಅಪರೂಪವಲ್ಲ.

ಹಾಗಾದರೆ ಎಲ್ಲ ಮರವೂ ರೋಗವೇ? ಅಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವದು ಎಲ್ಲರ ಪಾಡು. ಬೀಗರ ಹೆಸರು ಬಾಯಿಗೆ ಬಾರದೆ ಸಂಜೆಗೆ ತಾನಾಗಿ ನೆನಪಾದರೆ ಚಿಂತೆಯಿಲ್ಲ. ಮೂವತ್ತು ವರ್ಷ ತಿರುಗಾಡಿದ ಸಂತೆಯ ದಾರಿಯು ತಪ್ಪಿದರೆ, ಮಾಡುತ್ತ ಬಂದ ಲೆಕ್ಕವು ಬಗೆಹರಿಯದಾದರೆ, ನಡೆದ ಸಂಗತಿಯನ್ನು ನೆನಪು ಮಾಡಿಕೊಟ್ಟರೂ ಅದು ನಡೆದೇ ಇಲ್ಲವೆಂಬಂತೆ ಇದ್ದರೆ, ಸ್ವಭಾವವು ಬದಲಾಗಿ ಶಾಂತರಾಗಿದ್ದವರು ಸಂಶಯಗ್ರಸ್ತರಾದರೆ, ಮತ್ತು ಇವು ಆರು ತಿಂಗಳಿನಿಂದ ಹೆಚ್ಚುತ್ತಲೇ ನಡೆದಿದ್ದರೆ, ವೈದ್ಯರಿಗೆ ತೋರಿಸತಕ್ಕದ್ದು. ಒಂದೆರಡು ದಿನಗಳಲ್ಲಿಯೇ ಒಮ್ಮೆಲೆ ಬುದ್ಧಿಯು ಕದಡಿದರೆ ಅದು ಬೇರೆ ಸಂಗತಿ. ಜ್ವರ, ಮೂತ್ರದ ಸೋಂಕು, ಔಷಧದ ವಿಕಾರ, ಪಾರ್ಶ್ವವಾಯು ಮುಂತಾದವು ಕಾರಣವಿರಬಹುದಾದ್ದರಿಂದ ಅಂದೇ ದವಾಖಾನೆಗೆ ಒಯ್ಯಬೇಕು.

"ಗುಣವಾಗದ ರೋಗಕ್ಕೆ ವೈದ್ಯರೇಕೆ?" ಎಂದು ಕೆಲವರು ಕೇಳುವರು. ಮೊದಲನೆಯ ಉತ್ತರವೇನೆಂದರೆ, ಮರೆವಿನಂತೆ ತೋರುವ ಕೆಲವು ತೊಂದರೆಗಳು ಗುಣವಾಗತಕ್ಕವು. ಬಿ ಹನ್ನೆರಡು ಜೀವಸತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ದೋಷ, ಜಾರಿ ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಅತಿಯಾದ ಮದ್ಯಪಾನ, ಬೇರೆ ಬೇರೆ ವೈದ್ಯರು ಕೊಟ್ಟ ಗುಳಿಗೆಗಳ ಒಟ್ಟು ಪರಿಣಾಮ, ಇವೆಲ್ಲ ಮರೆವನ್ನು ತರಬಲ್ಲವು. ಗಂಡನನ್ನು ಕಳೆದುಕೊಂಡ ಮುದುಕಿಯು ಊಟ ನಿದ್ರೆ ಬಿಟ್ಟು ಮೂಲೆ ಹಿಡಿದಾಗ, ಮನಸ್ಸಿನ ಖಿನ್ನತೆಯೇ ಮರೆವಿನ ವೇಷ ತೊಟ್ಟಿರಬಹುದು. ಕಿವಿ ಮಂದವಾದವರು ಮಾತು ಕೇಳಿಸದೆ ಸುಮ್ಮನಿದ್ದರೆ ಮರೆತರೆಂದು ನಾವು ತಿಳಿಯುವೆವು. ರಕ್ತಪರೀಕ್ಷೆ, ಕಿವಿಯ ಪರೀಕ್ಷೆ, ಬೇಕಾದರೆ ತಲೆಯ ಸ್ಕ್ಯಾನ್, ಇಷ್ಟರಿಂದ ಇವುಗಳನ್ನು ಕಂಡುಹಿಡಿಯಬಹುದು. ಎರಡನೆಯದಾಗಿ, ಆಲ್ಜೈಮರ್ ರೋಗವೇ ಆಗಿದ್ದರೂ ಡೊನೆಪೆಜಿಲ್ ಮುಂತಾದ ಗುಳಿಗೆಗಳು ಕೆಲವರಿಗೆ ಕೆಲವು ಕಾಲ ಲಕ್ಷಣಗಳನ್ನು ಹಗುರ ಮಾಡುವವು. ರೋಗದ ವೇಗವನ್ನು ಸ್ವಲ್ಪ ತಗ್ಗಿಸುವ ಲೆಕಾನೆಮ್ಯಾಬ್ ಎಂಬ ಹೊಸ ಔಷಧಕ್ಕೆ 2023 ರಲ್ಲಿ ಅಮೇರಿಕೆಯಲ್ಲಿ ಪೂರ್ಣ ಸಮ್ಮತಿ ದೊರೆತಿದೆ. ಆದರೆ ಅದೂ ರೋಗವನ್ನು ಗುಣಪಡಿಸುವದಿಲ್ಲ, ಬಹಳ ಬೆಲೆಯುಳ್ಳದ್ದು, ಮಿದುಳಿನಲ್ಲಿ ಬಾವು ರಕ್ತಸ್ರಾವಗಳ ಭಯವೂ ಉಂಟು. ರೋಗವನ್ನು ಬೇರುಸಹಿತ ಕೀಳುವೆವೆಂದು ಯಾರಾದರೂ ಔಷಧ ಮಾರಿದರೆ, ಅದಕ್ಕಾಗಿ ಹೊಲ ಒತ್ತೆಯಿಡಬಾರದೆಂದು ನಾವು ಕೈಮುಗಿದು ಹೇಳುವೆವು.

ಓದುಬರಹ ಬಾರದವರನ್ನು ಪರೀಕ್ಷಿಸುವದು ಹೇಗೆಂಬ ಸಂಶಯವೂ ಬೇಡ. ಗಡಿಯಾರವನ್ನು ಬರೆ, ತಾರೀಖನ್ನು ಹೇಳು ಎಂಬ ಪ್ರಶ್ನೆಗಳು ಶಾಲೆಗೆ ಹೋಗದವರಿಗೆ ಅನ್ಯಾಯವೆಂಬುದನ್ನು ನಮ್ಮ ದೇಶದ ವೈದ್ಯರು ಅರಿತು, ಹರಿಯಾಣೆಯ ಬಲ್ಲಭಗಢದ ಹಳ್ಳಿಗರಿಗಾಗಿ ಬೇರೆ ಪ್ರಶ್ನಾವಳಿಯನ್ನು ರಚಿಸಿದರು. ಅದು 1995 ರಲ್ಲಿ ಪ್ರಕಟವಾಯಿತು. ಈಚೆಗೆ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯವರು ಸಿದ್ಧಪಡಿಸಿದ ಪರೀಕ್ಷಾಮಾಲೆಯು ಐದು ಭಾಷೆಗಳಲ್ಲಿದೆ; ಕನ್ನಡವು ಅವುಗಳಲ್ಲಿ ಒಂದು. ತೆಂಗಳಿಯ ಕಡೆಯವರಿಗೆ ಕಲಬುರ್ಗಿಯ ಸರಕಾರೀ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಸರಕಾರವೂ ಕೂಡಿ 2022 ರಲ್ಲಿ ಮಿದುಳಿನ ಆರೋಗ್ಯಕ್ಕಾಗಿ ಒಂದು ರಾಜ್ಯ ಯೋಜನೆಯನ್ನು ಆರಂಭಿಸಿರುವವು. ಹೋಗಲಾರದವರು ಟೆಲಿ ಮಾನಸ್ ಎಂಬ ಸರಕಾರೀ ದೂರವಾಣಿಯ 14416 ಸಂಖ್ಯೆಗೆ ಕರೆ ಮಾಡಿ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹೋಗುವ ರೈಲು ಹೈದರಾಬಾದಿನ ಕಡೆಗೆ ಸಾಗುವದಷ್ಟೆ. ಆ ಪಟ್ಟಣದ ನಿಜಾಮ್ಸ್ ಆಸ್ಪತ್ರೆಯಲ್ಲಿ ನಡೆದ ಒಂದು ಸಂಶೋಧನೆಯು ಈ ಸೀಮೆಯವರಿಗೆ ವಿಶೇಷ ಸಮಾಧಾನವನ್ನು ಕೊಡತಕ್ಕದ್ದು. ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಅವರ ಸಂಗಡಿಗರು ಮರೆವಿನ ರೋಗವುಳ್ಳ 648 ಜನರನ್ನು ಪರೀಕ್ಷಿಸಿ 2013 ರಲ್ಲಿ ಪ್ರಕಟಿಸಿದ್ದೇನೆಂದರೆ, ಒಂದೇ ಭಾಷೆಯನ್ನು ಬಲ್ಲವರಿಗಿಂತ ಎರಡು ಭಾಷೆಗಳನ್ನಾಡುವವರಲ್ಲಿ ರೋಗದ ಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡವು. ಅಕ್ಷರ ಕಲಿಯದವರಲ್ಲಿಯೂ ಈ ಅಂತರವು ಕಂಡುಬಂದಿತು. ಬೇರೆ ದೇಶಗಳ ಕೆಲವು ಶೋಧಗಳು ಇದನ್ನು ಒಪ್ಪಿವೆ, ಕೆಲವು ಒಪ್ಪಿಲ್ಲ. ಆದುದರಿಂದ ಇದನ್ನು ಔಷಧವೆಂದು ತಿಳಿಯಬಾರದು. ಆದರೂ ಮನೆಯಲ್ಲಿ ಕನ್ನಡ, ಗಡಿಯಾಚೆಯ ಬೀಗರೊಡನೆ ತೆಲುಗು, ಪೇಟೆಯಲ್ಲಿ ಉರ್ದು, ತಾಂಡಾದವರೊಡನೆ ನಾಲ್ಕು ಲಂಬಾಣಿ ಮಾತು ಆಡುತ್ತ ಬೆಳೆದ ನಮ್ಮ ಹಿರಿಯರು ಅಕ್ಷರ ಬಾರದವರೆಂದು ತಮ್ಮನ್ನು ಹಳಿದುಕೊಳ್ಳುವಾಗ, ಅವರ ಬುದ್ಧಿಯು ಜೀವಮಾನವೆಲ್ಲ ಎಂಥ ವ್ಯಾಯಾಮವನ್ನು ಮಾಡಿದೆಯೆಂಬುದನ್ನು ಮನೆಯ ಓದಿದ ಮಕ್ಕಳು ನೆನೆಯಬೇಕು. ಅವರೊಡನೆ ಆ ಭಾಷೆಗಳಲ್ಲಿ ಮಾತು ನಡೆಯುತ್ತಿರಲಿ.

ಇನ್ನು ಮನೆಯ ನಡತೆಯ ಮಾತು. ರೋಗದ ಮೊದಲನೆಯ ಅವಸ್ಥೆಯು ಒಂದೆರಡು ತಿಂಗಳಿನದಲ್ಲ. ಹಲವರಿಗೆ ಕೆಲವು ವರ್ಷಗಳವರೆಗೂ ನಡೆಯುವದು. ಆ ವರ್ಷಗಳು ಹೇಗೆ ಸಾಗಬೇಕೆಂಬುದು ಗುಳಿಗೆಗಿಂತ ಹೆಚ್ಚಾಗಿ ಮನೆಯವರ ನಾಲಿಗೆಯನ್ನು ಅವಲಂಬಿಸಿದೆ.

ಮೊದಲನೆಯದಾಗಿ, ಪರೀಕ್ಷೆ ಮಾಡಬಾರದು. "ಇವ ಯಾರು ಹೇಳ್ರಿ ನೋಡೋಣ" ಎಂದು ಬಂದ ಬೀಗರನ್ನು ತೋರಿಸಿ ಕೇಳುವದು ಪ್ರೀತಿಯಿಂದಲೇ ಇರಬಹುದು. ಆದರೆ ಹತ್ತು ಜನರ ನಡುವೆ ಉತ್ತರ ಬಾರದೆ ತಲೆತಗ್ಗಿಸುವ ಸಂಕಟವನ್ನು ಎಣಿಸಿರಿ. "ಆಯಿ, ಸೇಡಮ್ಮಿನ ಮಾವ ಬಂದಾನ ನೋಡ್ರಿ" ಎಂದು ಹೆಸರನ್ನು ನಾವೇ ಮೊದಲು ಹೇಳಿದರೆ ಆ ಸಂಕಟವಿಲ್ಲ. ಎರಡನೆಯದಾಗಿ, ವಾದಿಸಬಾರದು. ಕೀಲಿಕೈ ಕದ್ದರೆಂದಾಗ "ನೀವೇ ಇಟ್ಟಿರಿ" ಎಂದು ಸಾಧಿಸಿ ತೋರಿಸುವದರಿಂದ ಕೀಲಿಕೈ ಸಿಕ್ಕೀತು, ಮನಸ್ಸು ಮುರಿದೀತು. "ಬರ್ರಿ, ಕೂಡಿ ಹುಡುಕೋಣ" ಎಂದರೆ ಎರಡೂ ಉಳಿಯುವವು. ಇಲ್ಲಿ ಒಂದು ಸೂಕ್ಷ್ಮವಿದೆ: ಈ ರೋಗದಲ್ಲಿ ಆಡಿದ ಮಾತು ಮರೆತುಹೋದರೂ ಆ ಮಾತು ತಂದ ದುಃಖವೋ ಸಂತೋಷವೋ ಬಹಳ ಹೊತ್ತು ಉಳಿಯುವದು. ಸೊಸೆಯು ಗದರಿಸಿದ್ದು ಅತ್ತೆಗೆ ನೆನಪಿರದು. ಆದರೆ ಏನೋ ಅಪಮಾನವಾಯಿತೆಂಬ ಭಾವವು ಸಂಜೆಯವರೆಗೆ ಎದೆಯಲ್ಲಿ ಕುಳಿತಿರುವದು.

ಮೂರನೆಯದಾಗಿ, ಕೈಯ ಕೆಲಸವನ್ನು ಕಸಿದುಕೊಳ್ಳಬಾರದು. ಹಬ್ಬದ ಅಡಿಗೆಯ ಹೊಣೆಯು ಭಾರವಾದರೆ ರೊಟ್ಟಿ ತಟ್ಟುವದು ಉಳಿಯಲಿ. ಸೊಸೆಯು ಪಕ್ಕದಲ್ಲಿದ್ದು ಮುಂದಿನದನ್ನು ಒಂದೊಂದಾಗಿ ಹೇಳಲಿ. ತೊಗರಿ ಹಸನು ಮಾಡುವದು, ಪುಂಡಿಯ ಸೊಪ್ಪು ಬಿಡಿಸುವದು, ಕೌದಿ ಹೊಲಿಯುವದು, ಕೂಸನ್ನು ತೂಗುವದು, ಇವು ಬಹುಕಾಲ ಉಳಿಯುವ ವಿದ್ಯೆಗಳು. "ನೀವು ಸುಮ್ಮ ಕೂಡ್ರಿ" ಎಂಬ ಮಾತು ಉಪಚಾರದಂತೆ ಕೇಳಿಸಿದರೂ, ಆಳುತ್ತಿದ್ದ ಮನೆಯಲ್ಲಿ ಆಕೆಗೆ ಮಾಡತಕ್ಕದ್ದೇನೂ ಉಳಿಯದಂತೆ ಮಾಡುವದು. ನಾಲ್ಕನೆಯದಾಗಿ, ವಸ್ತುಗಳಿಗೂ ವೇಳೆಗೂ ಕ್ರಮವಿರಲಿ. ಕೀಲಿಕೈಗೆ ಗೋಡೆಯಲ್ಲಿ ಒಂದೇ ಗೂಟ, ಗುಳಿಗೆಗಳಿಗೆ ದಿನಕ್ಕೊಂದು ಗೂಡಿನ ಡಬ್ಬಿ, ಬಚ್ಚಲಿನ ದಾರಿಯಲ್ಲಿ ರಾತ್ರಿ ದೀಪ. ಓದಬಲ್ಲವರಿಗೆ ದೊಡ್ಡ ಅಂಕಿಯ ಪಂಚಾಂಗ. ಓದಲಾರದವರಿಗೆ ಮುಂಜಾನೆ ಎದ್ದ ಕೂಡಲೆ ಇಂದು ಯಾವ ವಾರ, ಯಾರು ಬರುವರು ಎಂಬ ಎರಡು ಮಾತು. ಅನಿಲದ ಒಲೆಯ ಬಳಿ ಒಬ್ಬರು ಇರತಕ್ಕದ್ದು. ಸಂತೆಗೆ ಹೋಗುವದನ್ನು ನಿಲ್ಲಿಸಬೇಕಾಗಿಲ್ಲ, ಮೊಮ್ಮಗನು ಜೊತೆಗಿದ್ದರಾಯಿತು. ಹೆಸರು, ಊರು, ಮಗನ ಫೋನಿನ ಸಂಖ್ಯೆ ಬರೆದ ಚೀಟಿಯೊಂದು ಎಲೆಯಡಿಕೆಯ ಚೀಲದಲ್ಲಿರಲಿ. ಅಂಗಡಿಯವನಿಗೂ ಓಣಿಯವರಿಗೂ ಸಂಗತಿಯನ್ನು ತಿಳಿಸಿಡುವದು ಒಳ್ಳೆಯದು. ಇದರಲ್ಲಿ ನಾಚಿಕೆಯೇನೂ ಇಲ್ಲ. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನು ಬಲ್ಲವರಾದ್ದರಿಂದ, ದಾರಿ ತಪ್ಪಿದವರನ್ನು ಕೈಹಿಡಿದು ಕರೆತರುವ ಸೌಕರ್ಯವು ಅಲ್ಲಿರುವಷ್ಟು ಪಟ್ಟಣಗಳಲ್ಲಿಲ್ಲ.

ರೋಗದ ಹೆಸರನ್ನು ಹಿರಿಯರಿಗೆ ಹೇಳಬೇಕೆ, ಮುಚ್ಚಿಡಬೇಕೆ? ಅನೇಕ ಮನೆಗಳಲ್ಲಿ ಮುಚ್ಚಿಡುವದೇ ದಯೆಯೆಂದು ಭಾವಿಸುವರು. ಆದರೆ ತನ್ನಲ್ಲಿ ಏನೋ ಜಾರುತ್ತಿದೆಯೆಂಬುದು ಅನೇಕ ವೇಳೆ ಮೊದಲು ಗೊತ್ತಾಗುವದು ಆ ವ್ಯಕ್ತಿಗೇ. ಅಜ್ಜನು ಕಟ್ಟೆಗೆ ಹೋಗುವದನ್ನು ಬಿಟ್ಟದ್ದು, ಅಜ್ಜಿಯು ಮದುವೆಗಳಿಗೆ ಒಲ್ಲೆನೆಂದದ್ದು ಆಲಸ್ಯದಿಂದಿರಲಿಕ್ಕಿಲ್ಲ. ತಪ್ಪಿ ನುಡಿದು ನಗೆಗೀಡಾದೇನೆಂಬ ಅಂಜಿಕೆಯಿಂದಿರಬಹುದು. ಕೇಳಿದರೆ ಮಾತ್ರ, ಕೇಳಿದಷ್ಟು ಮಾತ್ರ, ಮೆಲ್ಲಗೆ ನಿಜವನ್ನು ಹೇಳುವದು ಲೇಸು: ನೆನಪಿಗೆ ಬೇನೆ ಬಂದಿದೆ, ನಿಮ್ಮ ತಪ್ಪಲ್ಲ, ನಾವು ಕೂಡ ಇದ್ದೇವೆ. ಮಾಟ, ಗಾಳಿ, ಪೂರ್ವಜನ್ಮದ ಪಾಪ ಎಂಬ ಮಾತುಗಳು ರೋಗಿಗೆ ಇಲ್ಲದ ಅಪರಾಧವನ್ನು ಹೊರಿಸುವವು. ದೇವರಿಗೆ ಹರಕೆ ಹೊರಲಿಕ್ಕೆ ನಮ್ಮ ಅಡ್ಡಿಯಿಲ್ಲ. ಬಡಿಯುವ, ಹೊಗೆ ಹಾಕುವ ಉಪಾಯಗಳಿಗೆ ಮಾತ್ರ ಯಾರೂ ಎಡೆಗೊಡಬಾರದು.

ಈಗ ನಾವು ಹೇಳಬೇಕಾದ ಅತಿ ಕಠಿನವಾದ ಮಾತಿಗೆ ಬಂದೆವು. ಮರವು ಬಂದ ಮನೆಯಲ್ಲಿ ಪಹಣಿಯ ವಿಚಾರವೂ ಬರುವದು. ಹೊಲ ಯಾರ ಹೆಸರಿಗೆ, ಪೆನ್ಶನಿನ ಹಣ ಯಾರ ಕೈಗೆ, ಬಂಗಾರ ಯಾವ ಮಗಳಿಗೆ, ಎಂಬ ಮಾತುಗಳು ಬಾಗಿಲ ಹಿಂದೆ ಸುರುವಾಗುವವು. ಹೇಗೂ ತಿಳಿಯದೆಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುವವರೂ ಇಲ್ಲದಿಲ್ಲ. ಕಾಯಿದೆಯು ಈ ವಿಷಯದಲ್ಲಿ ಏನೆನ್ನುವದೆಂಬುದನ್ನು ತಿಳಿದಿರಬೇಕು. 1872 ರ ಕರಾರು ಕಾಯಿದೆಯ ಪ್ರಕಾರ, ಕರಾರು ಮಾಡುವ ಸಮಯದಲ್ಲಿ ಅದನ್ನು ಅರಿತುಕೊಂಡು ತನ್ನ ಹಿತಾಹಿತವನ್ನು ವಿವೇಚಿಸಬಲ್ಲವನೇ ಕರಾರಿಗೆ ಯೋಗ್ಯನು. ಇದರ ಅರ್ಥ ಎರಡು ಬಗೆ. ಅರಿಯದವರಿಂದ ಒತ್ತಿಸಿಕೊಂಡ ಹೆಬ್ಬೆಟ್ಟು ನ್ಯಾಯಾಲಯದಲ್ಲಿ ನಿಲ್ಲಲಾರದು. ಹಾಗೆಯೇ, ರೋಗದ ಹೆಸರು ಬಂದಿತೆಂಬ ಮಾತ್ರಕ್ಕೆ ಅರಿತು ನಿರ್ಣಯಿಸಬಲ್ಲವರ ಅಧಿಕಾರವೂ ಹೋಗುವದಿಲ್ಲ. ಮೃತ್ಯುಪತ್ರಕ್ಕೂ 1925 ರ ಉತ್ತರಾಧಿಕಾರದ ಕಾಯಿದೆಯು ಸ್ವಸ್ಥ ಬುದ್ಧಿಯನ್ನೇ ಕೇಳುವದು. 2007 ರ ಹಿರಿಯ ನಾಗರಿಕರ ಕಾಯಿದೆಯ ಮೇರೆಗೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದುಪಡಿಸಿಕೊಳ್ಳಲು ಅವಕಾಶವುಂಟು. 2017 ರ ಮಾನಸಿಕ ಆರೋಗ್ಯದ ಕಾಯಿದೆಯು, ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಯಾರು ತನ್ನ ಪರವಾಗಿ ಮಾತಾಡಬೇಕು ಎಂಬುದನ್ನು ಮೊದಲೇ ಬರೆಯಿಸಿಡುವ ಹಕ್ಕನ್ನು ಕೊಟ್ಟಿದೆ.

ಆದಕಾರಣ ಬುದ್ಧಿಯು ತಿಳಿಯಾಗಿರುವ ಮೊದಲನೆಯ ವರ್ಷಗಳಲ್ಲಿಯೇ, ಬೆಳಗಿನ ಹೊತ್ತು, ಎಲ್ಲ ಮಕ್ಕಳನ್ನೂ ಕೂಡಿಸಿ, ವಕೀಲರೊಬ್ಬರ ಎದುರಿಗೆ, ಹಿರಿಯರ ಇಚ್ಛೆಯೇನೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯಿಸತಕ್ಕದ್ದು. ಆ ದಿನ ಅವರು ರೋಗಿಯಾಗಿ ಕೂಡ್ರುವದಿಲ್ಲ, ಯಜಮಾನರಾಗಿ ಕೂಡ್ರುವರು. ತಡಮಾಡಿದ ಮನೆಗಳಲ್ಲಿ ಅಣ್ಣತಮ್ಮಂದಿರು ತಾಯಿಯ ಮನಸ್ಸಿನಲ್ಲಿ ಏನಿತ್ತೆಂದು ತಾಯಿಯು ಬದುಕಿರುವಾಗಲೇ ಜಗಳವಾಡಬೇಕಾಗುವದು. ಕೇಳಲು ತಾಯಿಯು ಎದುರಿಗಿದ್ದರೂ ಉತ್ತರವಿರುವದಿಲ್ಲ.

ಸೊಸೆಯ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಗಿಸಲಾರೆವು. ತಾಳ್ಮೆ ಬೇಕೆಂದು ಮೇಲೆ ನಾವು ಬರೆದುದೆಲ್ಲ ಯಾರ ಹೆಗಲಿಗೆ ಬೀಳುವದೆಂಬುದು ನಮಗೆ ಗೊತ್ತಿದೆ. ಒಂದೇ ಪ್ರಶ್ನೆಗೆ ನಲವತ್ತು ಸಲ ಉತ್ತರ ಕೊಡುವವಳು ಆಕೆ, ಕಳ್ಳಿಯೆನ್ನಿಸಿಕೊಳ್ಳುವವಳೂ ಆಕೆಯೇ. ಮುಂಬಯಿಯಿಂದ ಹಬ್ಬಕ್ಕೆ ಬಂದ ಮಗನೊಡನೆ ತಾಯಿಯು ಎರಡು ದಿನ ನೆಟ್ಟಗೆ ಮಾತಾಡಿದ್ದನ್ನು ಕಂಡು, ಅವ್ವನಿಗೆ ಏನೂ ಆಗಿಲ್ಲ, ನೀವೇ ಸರಿಯಾಗಿ ನೋಡಿಕೊಳ್ಳುವದಿಲ್ಲ, ಎಂದು ಆತನು ಹೋಗಿಬಿಡುವದುಂಟು. ಮೊದಲನೆಯ ಅವಸ್ಥೆಯಲ್ಲಿ ಅತಿಥಿಗಳ ಮುಂದೆ ರೋಗಿಯು ಸಾವರಿಸಿಕೊಂಡು ಚೆನ್ನಾಗಿ ನಡೆದುಕೊಳ್ಳುವದು ಸಾಮಾನ್ಯ. ಆದುದರಿಂದ ದೂರದ ಮಕ್ಕಳು ಹತ್ತಿರದವರ ಮಾತನ್ನು ನಂಬಬೇಕು. ಹಣ ಕಳಿಸುವದರಿಂದಲೇ ಪಾಲು ಮುಗಿಯಲಿಲ್ಲ. ವರ್ಷದಲ್ಲಿ ಕೆಲವು ವಾರ ತಾವೇ ಬಂದು ನಿಂತು, ಸೊಸೆಯನ್ನು ತವರಿಗೆ ಕಳಿಸಿ ವಿಶ್ರಾಂತಿ ಕೊಡತಕ್ಕದ್ದು. ಸೊಸೆಯರೂ, ಒಂದು ದಿನ ಸಿಟ್ಟು ಬಂದಿತೆಂದು ತಮ್ಮನ್ನು ತಾವು ಪಾಪಿಗಳೆಂದುಕೊಳ್ಳಬಾರದು. ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ತಿರುಗಿ ಬಂದರಾಯಿತು. ಅತ್ತೆಯು ಅಷ್ಟರಲ್ಲಿ ಪ್ರಶ್ನೆಯನ್ನು ಮರೆತಿರಲೂ ಬಹುದು.

ಈ ರೋಗವು ಬಾರದಂತೆ ಮಾಡಬಹುದೆ? ಪೂರ್ಣವಾಗಿ ಅಲ್ಲ, ಆದರೆ ಏನೂ ಮಾಡಲಾಗದೆಂಬುದೂ ನಿಜವಲ್ಲ. ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯ ಪಂಡಿತಮಂಡಲಿಯು 2024 ರಲ್ಲಿ ಹದಿನಾಲ್ಕು ಕಾರಣಗಳನ್ನು ಎಣಿಸಿ, ಅವೆಲ್ಲವನ್ನೂ ತಡೆದರೆ ಲೋಕದ ಮರೆವಿನ ರೋಗದಲ್ಲಿ ಶೇಕಡಾ 45 ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂದು ಹೇಳಿತು. ರಕ್ತದೊತ್ತಡ, ಸಕ್ಕರೆರೋಗ, ಧೂಮಪಾನ, ಮದ್ಯ, ಕಿವಿಯ ಮಂದತನ, ಕಣ್ಣಿನ ಮಂಜು, ಹೊಗೆಧೂಳಿನ ಗಾಳಿ, ಒಂಟಿತನ, ಇವೆಲ್ಲ ಆ ಪಟ್ಟಿಯಲ್ಲಿವೆ. ಪಟ್ಟಿಯ ಒಂದು ಹೆಸರನ್ನು ನಮ್ಮ ಗೃಹಿಣಿಯರು ವಿಶೇಷವಾಗಿ ಗಮನಿಸಬೇಕು: ಬಾಲ್ಯದಲ್ಲಿ ದೊರೆಯದ ವಿದ್ಯೆ. ಹನ್ನೆರಡು ವರ್ಷದ ಮಗಳನ್ನು ಶಾಲೆ ಬಿಡಿಸಿ ತೊಗರಿಯ ರಾಶಿಗೆ ಕಳಿಸಿದರೆ, ಆಕೆಯ ಎಪ್ಪತ್ತನೆಯ ವರ್ಷದ ನೆನಪಿನಿಂದ ನಾವು ಸಾಲ ತೆಗೆದಂತಾಗುವದು.

ವಾಚಕರೇ, ಮೇಲೆ ಹೇಳಿದ ಮನೆಯನ್ನು ನಾವು ಕಲ್ಪಿಸಿಕೊಂಡೆವು. ಆದರೆ ಅಂಥ ಮನೆಗಳು ನಿಮ್ಮ ಓಣಿಯಲ್ಲಿಯೂ ಇರಬಹುದು, ನಿಮ್ಮದೇ ಆಗಿರಲೂ ಬಹುದು. ಈ ತಿಂಗಳಲ್ಲಿ ನಿಮ್ಮ ಹಿರಿಯರೊಬ್ಬರು ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ, ಗಾದೆಯ ಮಾತಾಡಿ ಸುಮ್ಮನಾಗದೆ, ಎಷ್ಟು ದಿನಗಳಿಂದ ಹೀಗಿದೆಯೆಂಬುದನ್ನು ಒಂದು ಕಾಗದದ ಮೇಲೆ ಬರೆದಿಡಿರಿ. ಆ ಕಾಗದವನ್ನೇ ವೈದ್ಯರಿಗೆ ತೋರಿಸಿರಿ. ಮತ್ತು ಮನೆಯಲ್ಲಿ ಬಿತ್ತನೆಯದೋ, ಮದುವೆಯದೋ ಆಲೋಚನೆ ನಡೆದಾಗ, ಅವರನ್ನೂ ಕರೆದು ನಡುವೆ ಕೂಡ್ರಿಸಿಕೊಂಡು ಅವರ ಅಭಿಪ್ರಾಯವನ್ನು ಕೇಳಿರಿ. ರೋಗವು ಮುಂದುವರಿದಾಗ ಉಪಚಾರವು ಹೇಗಿರಬೇಕೆಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸುವೆವು.